ಕೊರಳಲ್ಲಿ ಕಾರ್ಡು, ಕೈಯಲ್ಲಿ ಕ್ಯಾಮೆರಾ

ನಮ್ಮೂರಿನ ಹವ್ಯಾಸಿ ಛಾಯಾಗ್ರಾಹಕರ ಬಳಗದ ತಿಂಗಳ ಸಭೆ ಎಂದರೆ ಅದೇನೂ ಮಹಾ ಸಮ್ಮೇಳನವಲ್ಲ. ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ 12 ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕು ಕಾಫಿ, ಒಂದಿಷ್ಟು ಖಾರದ ಮಂಡಕ್ಕಿ. ಒಬ್ಬರು ತೆಗೆದ ಚಿತ್ರವನ್ನು ಇನ್ನೊಬ್ಬರು "ಚೆನ್ನಾಗಿದೆ, ಆದರೆ..." ಎಂದು ಶುರುಮಾಡಿ ಜಾಲಾಡುವುದೇ ಅಲ್ಲಿನ ಮುಖ್ಯ ಕಾರ್ಯಕ್ರಮ. ಕಳೆದ ಸಭೆಯಲ್ಲಿ ಮಾತ್ರ ಚಿತ್ರಗಳು ಚೀಲದಿಂದ ಹೊರಗೇ ಬರಲಿಲ್ಲ. ಕಾರ್ಯದರ್ಶಿಗಳು ಎದ್ದು ನಿಂತು ಹೊಸ ವಿಷಯವೊಂದನ್ನು ಮಂಡಿಸಿದರು. ಎಲ್ಲ ಸದಸ್ಯರಿಗೂ ಗುರುತಿನ ಚೀಟಿ ಕೊಡಬೇಕು. ತಲೆಗೆ 150 ರೂಪಾಯಿ, ಎರಡು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, ರಕ್ತದ ಗುಂಪು.

ಇಷ್ಟು ವರ್ಷ ಊರಿನವರ ಮುಖವನ್ನೆಲ್ಲ ತೆಗೆದುಕೊಂಡು ಬಂದ ನಾವು, ನಮ್ಮ ಮುಖ ತೆಗೆಸಲು ಬಸ್ ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಸರದಿ ನಿಲ್ಲಬೇಕಲ್ಲ ಎಂದು ಒಬ್ಬರು ಗೊಣಗಿದರು. ಆದರೆ ಹುಡುಗರಿಗೆ ಭಾರೀ ಉತ್ಸಾಹ. ಅವರು ಆಗಲೇ ಕಾರ್ಡಿನ ಒಂದು ನಮೂನೆ ಮಾಡಿ ತಂದಿದ್ದರು. ಕೆಂಪು ಪಟ್ಟಿ, ಮೂಲೆಯಲ್ಲಿ ಸಿಂಹದ ತಲೆಯಂಥದ್ದೇನೋ ಒಂದು ಮುದ್ರೆ, ಕೆಳಗೆ "ಈ ಚೀಟಿ ಹೊಂದಿರುವವರಿಗೆ ಪೊಲೀಸ್, ಅರಣ್ಯ ಹಾಗೂ ಇತರ ಇಲಾಖೆಗಳು ಸಹಕರಿಸಬೇಕಾಗಿ ಕೋರಿದೆ" ಎಂಬ ಒಕ್ಕಣೆ. "ದೂರದಿಂದ ನೋಡಿದ್ರೆ ಪ್ರೆಸ್ ಅನ್ನೋ ಹಾಗಿರ್ಬೇಕು ಸಾರ್" ಎಂದ ನಮ್ಮ ಇಂಜಿನಿಯರಿಂಗ್ ಓದುವ ಸದಸ್ಯ.

ಅವನನ್ನು ದೂರಿ ಪ್ರಯೋಜನವಿಲ್ಲ. ಹಿಂದಿನ ತಿಂಗಳು ಜಾತ್ರೆಯಲ್ಲಿ ಅವನನ್ನು ನಾಲ್ಕು ಜನ ಸುತ್ತುವರಿದು "ಯಾರನ್ನ ಕೇಳಿ ತೆಗೆದೆ?" ಎಂದು ಜಗ್ಗಾಡಿದ್ದರು. ಕ್ಯಾಮೆರಾದ ಬೆಲ್ಟು ಕಿತ್ತುಬಂದಿತ್ತು. ಕೊರಳಲ್ಲೊಂದು ಕಾರ್ಡಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಅವನ ವಾದ. ಹಿರಿಯನೆಂದು ನನ್ನ ಅಭಿಪ್ರಾಯ ಕೇಳಿದರು. ಮೇಷ್ಟರನ್ನು ಪ್ರಶ್ನೆ ಕೇಳಿದರೆ ಒಂದು ವಾಕ್ಯದಲ್ಲಿ ಉತ್ತರ ಬರುವುದಿಲ್ಲ ಎಂಬುದು ಓದುಗರಿಗೆ ಗೊತ್ತೇ ಇದೆ. ಅಲ್ಲಿ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕ್ಯಾಮೆರಾ ಹಿಡಿದದ್ದು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಯಾರೋ ಬಳಸಿ ಬಿಟ್ಟಿದ್ದ ಝೆನಿತ್. ಸೋವಿಯತ್ ದೇಶದ ಮಾಲು. ತೂಕದಲ್ಲಿ ನಮ್ಮ ಪ್ರಯೋಗಶಾಲೆಯ ತಕ್ಕಡಿಯ ಬಟ್ಟುಗಳಿಗೆ ಸಮ. ಅದಕ್ಕೆ 58 ಮಿಲಿಮೀಟರಿನ ಹೀಲಿಯೋಸ್ ಲೆನ್ಸು. ಒಳಗೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಇಂದು ಫಿಲ್ಮು, 36 ಚಿತ್ರ. ಆ ದಿನಗಳಲ್ಲಿ ಹಳ್ಳಿಗೆ ಹೋದರೆ ಜನ ತಾವಾಗಿಯೇ ಬಂದು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಸರ್ವೆ ಕಲ್ಲಿನಂತೆ ನೆಟ್ಟಗೆ ನಿಲ್ಲುತ್ತಿದ್ದರು. "ಫೋಟೊ ಯಾವಾಗ ಕೊಡ್ತೀರಾ ಸ್ವಾಮಿ?" ಎಂಬುದೊಂದೇ ಅವರ ಪ್ರಶ್ನೆ. ನೀವು ಯಾರು, ಯಾವ ಸಂಘ ಎಂದು ಯಾರೂ ಕೇಳಿದ ನೆನಪಿಲ್ಲ. ಈಗ ಕೇಳುವುದು "ಯಾಕೆ ತೆಗೀತೀರಾ?" ಎಂದು. ಯಾವಾಗ ಎಂಬುದು ಹೋಗಿ ಯಾಕೆ ಎಂಬುದು ಬಂದಿದೆ. ಗುರುತಿನ ಚೀಟಿಯ ಮೇಲೆ ಹೆಸರಿರುತ್ತದೆ, ವಿಳಾಸವಿರುತ್ತದೆ, ರಕ್ತದ ಗುಂಪೂ ಇರುತ್ತದೆ. ಯಾಕೆ ಎಂಬುದಕ್ಕೆ ಉತ್ತರ ಮಾತ್ರ ಇರುವುದಿಲ್ಲ.

ಹಾಗೆಂದು ಕಾರ್ಡು ಎಲ್ಲಿಯೂ ಕೆಲಸಕ್ಕೆ ಬರುವುದಿಲ್ಲ ಎನ್ನಲಾರೆ. ಕೆಲವು ವರ್ಷಗಳ ಹಿಂದೆ ಒಂದು ಅಣೆಕಟ್ಟಿನ ಕೆಳಗಿನ ಉದ್ಯಾನದಲ್ಲಿ ಹರಿಯುವ ನೀರನ್ನು ನಿಧಾನದ ಶಟರಿನಲ್ಲಿ ಹಿಡಿಯೋಣವೆಂದು ಸ್ಟ್ಯಾಂಡು ಬಿಚ್ಚಿದೆ. ಪೀಪಿ ಊದುತ್ತ ವಾಚ್‌ಮನ್ ಓಡಿಬಂದ. "ಐ.ಡಿ. ತೋರ್ಸಿ ಸಾರ್." ಪರ್ಸಿನಲ್ಲಿ ಹುಡುಕಿದರೆ ಇದ್ದದ್ದು ರಕ್ತದಾನಿಗಳಿಗೆ ಕೊಡುವ ಕಾರ್ಡು ಒಂದೇ. ಅದನ್ನೇ ಕೊಟ್ಟೆ. ಅವನು ಉದ್ದನೆಯ ರಿಜಿಸ್ಟರು ತೆಗೆದು ಹೆಸರು ಬರೆದ, ಕಾರ್ಡಿನ ನಂಬರು ಬರೆದ. ತಲೆಕೆಳಗಾಗಿ ಓದಿದೆ: ಇಲಾಖೆ ಎಂಬ ಅಂಕಣದಲ್ಲಿ "ರಕ್ತ" ಎಂದಿತ್ತು. ನಾನು ನಕ್ಕೆ, ಅವನೂ ನಕ್ಕ. "ನಾಳೆ ಸಾಹೇಬ್ರು ಕೇಳಿದ್ರೆ ಹೇಳೋಕೆ ಒಂದ್ ನಂಬರ್ ಬೇಕಲ್ಲ ಸಾರ್" ಎಂದ. ಆ ಬಡಪಾಯಿಗೆ ನನ್ನ ಮೇಲೆ ಅನುಮಾನವಿರಲಿಲ್ಲ, ಸಾಹೇಬರ ಭಯವಿತ್ತು ಅಷ್ಟೆ. ಕಾರ್ಡಿನ ಲಾಭವೇನಿದ್ದರೂ ಇಂಥ ಕಡೆ, ಅದೂ ನಮಗಿಂತ ಹೆಚ್ಚಾಗಿ ವಾಚ್‌ಮನ್‌ಗೆ. ಅಂದಹಾಗೆ, ಹೆಸರು ಬರೆದುಕೊಂಡ ಮೇಲೂ ಅವನು ಸ್ಟ್ಯಾಂಡು ಹಾಕಲು ಬಿಡಲಿಲ್ಲ.

ಬಿಡದೇ ಇದ್ದದ್ದು ಸರಿಯೇ. ಅಪ್ಪಣೆ ಕೊಡುವ ಅಧಿಕಾರ ಯಾರದೋ ಅವರ ಚೀಟಿ ಮಾತ್ರ ನಡೆಯುತ್ತದೆ. ಬಸ್ ಪಾಸನ್ನು ಕಂಡಕ್ಟರು ಒಪ್ಪುವುದು ಅದನ್ನು ಕೊಟ್ಟವರು ಬಸ್ಸಿನವರೇ ಆದ್ದರಿಂದ. ನಾನೇ ಮನೆಯಲ್ಲಿ ಬರೆದುಕೊಂಡು ಹೋದರೆ ಒಪ್ಪುತ್ತಾನೆಯೇ? ನಮ್ಮ ದೇಶದಲ್ಲಿ ಬೀದಿಯಲ್ಲಿ ನಿಂತು ಚಿತ್ರ ತೆಗೆಯಲು ಹವ್ಯಾಸಿಗೆ ಯಾವ ಲೈಸೆನ್ಸೂ ಬೇಕಿಲ್ಲ. ಬೇಕಾದ ಜಾಗಗಳು ಬೇರೆ ಇವೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಪ್ರಕಾರ ಸರ್ಕಾರ ನಿಷೇಧಿತ ಸ್ಥಳ ಎಂದು ಸಾರಿದ ಕಡೆ ಯಾವ ಸಂಘದ ಕಾರ್ಡು ತೋರಿಸಿದರೂ ಕ್ಯಾಮೆರಾ ಎತ್ತುವಂತಿಲ್ಲ. ಹಳೇಬೀಡಿನಲ್ಲೋ ಹಂಪಿಯಲ್ಲೋ ಕೈಯಲ್ಲಿ ಹಿಡಿದು ಎಷ್ಟು ಬೇಕಾದರೂ ತೆಗೆಯಬಹುದು. ಮೂರು ಕಾಲಿನ ಸ್ಟ್ಯಾಂಡು ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆ ಲೆನ್ಸಿನ ಉದ್ದ ನೋಡಿ ಶುಲ್ಕ ಹಾಕಿದ್ದೂ ಉಂಟು. ಅಲ್ಲಿ ರಸೀದಿಯೇ ಕಾರ್ಡು.

ಛಾಯಾಗ್ರಹಣದಲ್ಲಿ ಯೋಗ್ಯತೆಗೆ ಪ್ರಮಾಣಪತ್ರವೇ ಇಲ್ಲವೇ ಎಂದರೆ, ಧಾರಾಳವಾಗಿ ಇದೆ. ಇಂಗ್ಲೆಂಡಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ 1853ರದ್ದು. ಎಫ್.ಐ.ಎ.ಪಿ. ಎಂಬ ಅಂತರರಾಷ್ಟ್ರೀಯ ಒಕ್ಕೂಟ 1950ರಲ್ಲಿ ಹುಟ್ಟಿತು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ನಡೆದು ಬಂದಿದೆ. ನಮ್ಮ ಟಿ.ಎನ್.ಎ. ಪೆರುಮಾಳ್ ಅವರ ಹೆಸರಿನ ಮುಂದೆ ಇಂಥ ಸಂಸ್ಥೆಗಳು ಕೊಟ್ಟ ಅಕ್ಷರಗಳ ಸಾಲೇ ಇತ್ತು. ಅವೆಲ್ಲ ಚಿತ್ರಗಳನ್ನು ಕಳಿಸಿ, ತೀರ್ಪುಗಾರರು ಒಪ್ಪಿದ ಮೇಲೆ ಬಂದ ಅಕ್ಷರಗಳು. 150 ರೂಪಾಯಿಗೂ ರಕ್ತದ ಗುಂಪಿಗೂ ಬರುವಂಥವಲ್ಲ. ಬಂದರೂ ಕೆರೆ ಏರಿಯ ಮೇಲೆ ದನ ಮೇಯಿಸುವವನಿಗೆ ಅವುಗಳ ಗೊಡವೆ ಏಕೆ?

ಕೆರೆ ಏರಿ ಎಂದಾಗ 2018ರ ಜೂನ್ ತಿಂಗಳು ನೆನಪಾಗುತ್ತದೆ. ಆಗ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ರಾಜ್ಯದ ತುಂಬ ಹಬ್ಬಿತ್ತು. ಹಿಂದಿನ ತಿಂಗಳಷ್ಟೇ ಬೆಂಗಳೂರಿನಲ್ಲಿ ರಾಜಸ್ತಾನದಿಂದ ಬಂದ ಯುವಕನೊಬ್ಬನನ್ನು ಇದೇ ಗುಮಾನಿಯ ಮೇಲೆ ಹೊಡೆದು ಕೊಂದಿದ್ದರು. ಇದನ್ನೆಲ್ಲ ಪತ್ರಿಕೆಯಲ್ಲಿ ಓದಿಯೂ ನಾನು ಭಾನುವಾರ ಬೆಳಿಗ್ಗೆ 300 ಮಿಲಿಮೀಟರಿನ ಲೆನ್ಸು ಹೆಗಲಿಗೆ ಹಾಕಿಕೊಂಡು, ಇಪ್ಪತ್ತು ಕಿಲೋಮೀಟರು ಆಚೆಯ ಒಂದು ಕೆರೆಗೆ ಹೋದೆ. ನಮಗಾಗುವುದಿಲ್ಲ ಎಂಬ ಧೈರ್ಯ.

ಕೊಳದ ಬಕ ಒಂದು ಮೀನಿಗಾಗಿ ಕತ್ತು ಚಾಚಿ ನಿಂತಿತ್ತು. ನಾನೂ ಅದಕ್ಕಾಗಿ ಕತ್ತು ಚಾಚಿ ಜಾಲಿಯ ಮರೆಯಲ್ಲಿ ಕೂತಿದ್ದೆ. ಆಚೆ ದಡದಲ್ಲಿ ಮಕ್ಕಳು ಈಜುತ್ತಿದ್ದುದು ನನ್ನ ಗಮನಕ್ಕೇ ಬರಲಿಲ್ಲ. ಏಳೆಂಟು ಜನ ಹಿಂದೆ ಬಂದು ನಿಂತಾಗಲೇ ತಿರುಗಿ ನೋಡಿದ್ದು. ಮೇಷ್ಟರು ಎಂದೆ, ನಂಬಲಿಲ್ಲ. ಶಾಲೆಯ ಗುರುತಿನ ಚೀಟಿ ತೆಗೆದು ಕೊಟ್ಟೆ. ಮೊಹರು, ಸಹಿ ಎಲ್ಲ ಇರುವ ಅಪ್ಪಟ ಕಾರ್ಡು. ಒಬ್ಬ ಯುವಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ನಮ್ಮೂರ ಜೆರಾಕ್ಸ್ ಅಂಗಡೀಲೇ ಮಾಡ್ಕೊಡ್ತಾರೆ" ಎಂದ. ಇನ್ನೊಬ್ಬ, "ಕಳ್ಳ ಆದೋನು ಕಾರ್ಡ್ ಇಲ್ದೆ ಬರ್ತಾನೇನ್ರೋ?" ಎಂದ. ತರ್ಕ ಗಟ್ಟಿಯಾಗಿಯೇ ಇತ್ತು. ನಮ್ಮ ಹತ್ತನೇ ತರಗತಿಯವರಿಗೆ ಈ ಮಟ್ಟದ ತರ್ಕ ಬರಲೆಂದು ನಾನು ವರ್ಷವಿಡೀ ಒದ್ದಾಡುತ್ತೇನೆ. ಆ ಹೊತ್ತಿನಲ್ಲಿ ಮಾತ್ರ ಅದನ್ನು ಮೆಚ್ಚುವ ಸ್ಥಿತಿಯಲ್ಲಿರಲಿಲ್ಲ, ಬಾಯಿ ಒಣಗಿತ್ತು.

ಅಷ್ಟರಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ ಬೈಕಿನಲ್ಲಿ ಬಂದರು. ಅವರು ಕಾರ್ಡು ನೋಡಲೇ ಇಲ್ಲ. "ಈ ಊರಲ್ಲಿ ನಿಮ್ಮನ್ನ ಬಲ್ಲೋರು ಯಾರಾದ್ರೂ ಇದಾರಾ?" ಎಂದು ಕೇಳಿದರು. ಅಲ್ಲಿನ ಶಾಲೆಯ ಹೆಡ್‌ಮಾಸ್ಟರು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ನನ್ನ ಪಕ್ಕದ ಕುರ್ಚಿಯವರು. ಅವರಿಗೆ ಫೋನು ಹೋಯಿತು, ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ. "ಅವ್ರಾ? ಅರ್ಧ ಮಾರ್ಕ್ಸಿಗೂ ಜಗಳ ಆಡೋ ಮನುಷ್ಯ ಕಣ್ರಪ್ಪ. ಮಕ್ಕಳನ್ನ ಕದಿಯೋದು ಹಂಗಿರಲಿ, ಒಂದ್ ಮಾರ್ಕ್ಸ್ ಜಾಸ್ತಿ ಕೊಟ್ಟೋರಲ್ಲ" ಎಂದರು ಪುಣ್ಯಾತ್ಮರು. ನಗು ಬಂತು. ಗುಂಪು ಸಡಿಲವಾಯಿತು.

ಒಬ್ಬ ಅಜ್ಜಿ ಮಾತ್ರ ಅಲ್ಲೇ ನಿಂತಿದ್ದಳು. ಲೆನ್ಸನ್ನು ದಿಟ್ಟಿಸಿ, "ಇದ್ರಾಗೆ ನಮ್ಮನೆ ಗ್ವಾಡೆ ಒಳೀಕೂ ಕಾಣ್ತದಾ ಸ್ವಾಮಿ?" ಎಂದಳು. ಎಂಥ ಪ್ರಶ್ನೆ! ಉದ್ದನೆಯ ಲೆನ್ಸು ಕಂಡಾಗ ಜನಕ್ಕೆ ಏನು ಭಯವೆಂಬುದು ನನಗೆ ಆವತ್ತು ತಿಳಿಯಿತು. ಸಾಮಾನ್ಯ ಲೆನ್ಸಿಗಿಂತ ಆರು ಪಟ್ಟು ಹತ್ತಿರ ತರುತ್ತದೆ ಅಜ್ಜೀ, ಗೋಡೆ ದಾಟುವುದಿಲ್ಲ ಎಂದು ಹೇಳಿ ಅವಳ ಕಣ್ಣಿಗೇ ಹಿಡಿದೆ. ಬಕವನ್ನು ನೋಡಿ "ಅಯ್ಯೋ, ಕೊಕ್ಕರೆ ಕಣ್ಣೂ ಕಾಣ್ತದಲ್ಲ!" ಎಂದು ಬಾಯಿಬಿಟ್ಟಳು. ಆಮೇಲೆ ಎಲ್ಲರೂ ಸರದಿಯ ಮೇಲೆ ನೋಡಿದರು. ಕಾರ್ಡನ್ನು ತಿರುಗಿಸಿ ನೋಡಿದ ಯುವಕ ಎರಡು ಸಲ ನೋಡಿದ. ಬಕ ಯಾವಾಗಲೋ ಹಾರಿಹೋಗಿತ್ತು.

ಮನೆಗೆ ಬಂದು ಇದನ್ನು ತಮಾಷೆಯಾಗಿ ಹೇಳಿದೆ. ಮುಂದಿನ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯ ಸುದ್ದಿ ಬಂದಾಗ ತಮಾಷೆ ಗಂಟಲಲ್ಲೇ ಉಳಿಯಿತು. ಹೈದರಾಬಾದಿನಿಂದ ಗೆಳೆಯನ ಊರಿನ ಕಡೆಗೆ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಅದೇ ಅಪರಾಧವಾಯಿತು. ಅವರ ಕಾರು ಮುಂದಿನ ಊರು ತಲುಪುವ ಮೊದಲೇ ಅವರ ಸುದ್ದಿ ವಾಟ್ಸಪ್ಪಿನಲ್ಲಿ ಅಲ್ಲಿಗೆ ತಲುಪಿತ್ತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರು ಜನರ ಏಟಿಗೆ ಸತ್ತ. ಅವರ ಜೇಬುಗಳಲ್ಲೂ ಏನಾದರೊಂದು ಕಾರ್ಡು ಇದ್ದಿರಲೇಬೇಕು. ಅದೇ ವಾರ ಪುರಾತತ್ವ ಇಲಾಖೆ ದೇಶದ ಬಹುತೇಕ ಸಂರಕ್ಷಿತ ಸ್ಮಾರಕಗಳಲ್ಲಿ ಫೋಟೊ ತೆಗೆಯಲು ಇದ್ದ ನಿರ್ಬಂಧವನ್ನು ಸಡಿಲಿಸಿತ್ತು. ಆ ಸುದ್ದಿ ಓದಿ ಸಂತೋಷಪಡುವ ಮನಸ್ಸೇ ಬರಲಿಲ್ಲ. ನಮ್ಮ ಹೆಡ್‌ಮಾಸ್ಟರು ಆ ಭಾನುವಾರ ಫೋನು ಮನೆಯಲ್ಲಿ ಬಿಟ್ಟು ತೋಟಕ್ಕೆ ಹೋಗಿದ್ದರೆ ಎಂದು ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ.

ನಾನೇ ಅನುಮಾನಪಟ್ಟ ಪ್ರಸಂಗವನ್ನೂ ಹೇಳಿಬಿಡಬೇಕು. ಒಂದು ಮಧ್ಯಾಹ್ನ ಆಟದ ಪೀರಿಯಡ್ಡಿನಲ್ಲಿ ನಮ್ಮ ಶಾಲೆಯ ಕಾಂಪೌಂಡಿನ ಆಚೆ ನಿಂತು ಒಬ್ಬಾತ ಹುಡುಗಿಯರು ಖೋ ಖೋ ಆಡುವುದನ್ನು ತೆಗೆಯುತ್ತಿದ್ದ. ಹೋಗಿ ವಿಚಾರಿಸಿದೆ. ಮಾತಿಗೆ ಮೊದಲು ಕೊರಳ ಕಾರ್ಡು ಮುಂದೆ ಮಾಡಿದ. ನಗರದ ಯಾವುದೋ ಕ್ಯಾಮೆರಾ ಕ್ಲಬ್ಬಿನದು, ನಮ್ಮ ಹುಡುಗರ ನಮೂನೆಗಿಂತ ಎಷ್ಟೋ ಚೆನ್ನಾಗಿತ್ತು. ಅದನ್ನು ಓದುತ್ತ ನನಗನ್ನಿಸಿದ್ದೇನು ಗೊತ್ತೇ? ಇದರಿಂದ ನನಗೆ ಏನೂ ತಿಳಿಯಲಿಲ್ಲ ಎಂದು. ಈತ ಯಾರು ಎಂಬುದು ನನ್ನ ಚಿಂತೆಯಾಗಿರಲಿಲ್ಲ. ಈ ಚಿತ್ರ ನಾಳೆ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ಮಗುವಿನ ತಂದೆ ಬಂದು ಕೇಳಿದರೆ ಏನು ಹೇಳಲಿ ಎಂಬುದಾಗಿತ್ತು. "ಸ್ಪರ್ಧೆಗೆ ಸಾರ್, ಧೂಳು ಚೆನ್ನಾಗಿ ಎದ್ದಿತ್ತು" ಎಂದ. ಧೂಳು ಚೆನ್ನಾಗಿಯೇ ಎದ್ದಿತ್ತು, ಛಾಯಾಗ್ರಾಹಕನಾಗಿ ಅದು ನನಗೂ ಕಂಡಿತ್ತು. ಆದರೂ ಅಳಿಸಿ ಎಂದೆ. ಮುಖ ಸಪ್ಪೆ ಮಾಡಿಕೊಂಡು ಅಳಿಸಿದ. ನಿರಪರಾಧಿಯೇ ಇರಬೇಕು ಪಾಪ. ಮೊದಲೇ ಒಳಗೆ ಬಂದು ಹೆಡ್‌ಮಾಸ್ಟರನ್ನು ಕಂಡಿದ್ದರೆ ನಾನೇ ಮಕ್ಕಳನ್ನು ಬಿಸಿಲಿಗೆ ಎದುರಾಗಿ ಓಡಿಸುತ್ತಿದ್ದೆ. ಖಾಸಗಿತನವೂ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದು ಆಧಾರ್ ಮೊಕದ್ದಮೆ, ಕ್ಯಾಮೆರಾಕ್ಕೆ ನೇರ ಸಂಬಂಧವಿಲ್ಲ. ಆದರೆ ನನ್ನ ಮುಖ ನನ್ನದು ಎಂಬ ಭಾವನೆ ಜನರಲ್ಲಿ ಬಲವಾಗುತ್ತಿದ್ದರೆ ಅದನ್ನು ಕಾರ್ಡು ತೋರಿಸಿ ಅಡಗಿಸುವುದು ನ್ಯಾಯವಲ್ಲ.

ಹವ್ಯಾಸಿ ಎಂಬುದಕ್ಕೆ ಪುರಾವೆ ಇದ್ದರೆ ಸಾಕು ಎನ್ನುವವರಿಗೆ ಗ್ರೀಸ್ ದೇಶದ ಕಥೆ ಹೇಳಬೇಕು. 2001ರ ನವೆಂಬರಿನಲ್ಲಿ ಅಲ್ಲಿನ ಕಲಮಾಟಾ ವಾಯುನೆಲೆಯ ಪ್ರದರ್ಶನಕ್ಕೆ ಹೋಗಿದ್ದ 12 ಮಂದಿ ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಹಿಡಿದರು. ವಿಮಾನಗಳನ್ನು ನೋಡುವುದು, ಅವುಗಳ ನಂಬರು ಬರೆದುಕೊಳ್ಳುವುದು ಅವರ ಹವ್ಯಾಸ. ಇಂಗ್ಲೆಂಡಿನಲ್ಲಿ ಇದು ನಮ್ಮಲ್ಲಿ ಅಂಚೆಚೀಟಿ ಕೂಡಿಹಾಕಿದಷ್ಟೇ ಸಾಧು ಚಟ. ಗ್ರೀಕರಿಗೆ ಇಂಥದೊಂದು ಹವ್ಯಾಸವಿರಬಹುದೆಂದೇ ಗೊತ್ತಿರಲಿಲ್ಲ. ನಾವು ಹವ್ಯಾಸಿಗಳು ಎಂದು ತೋರಿಸಿದ ನಂಬರಿನ ಪುಸ್ತಕಗಳೇ ಅವರ ವಿರುದ್ಧ ಸಾಕ್ಷಿಯಾದವು. ವಾರಗಟ್ಟಲೆ ಜೈಲು, 2002ರ ಏಪ್ರಿಲ್‌ನಲ್ಲಿ ಶಿಕ್ಷೆ, ಮೇಲ್ಮನವಿಯಲ್ಲಿ ಬಿಡುಗಡೆಯಾದದ್ದು ಆ ವರ್ಷದ ನವೆಂಬರಿನಲ್ಲಿ. ಎದುರಿಗಿರುವವನಿಗೆ ಅರ್ಥವಾಗದ ಹವ್ಯಾಸಕ್ಕೆ ಪುರಾವೆ ಕೊಟ್ಟಷ್ಟೂ ಕಷ್ಟ.

ಒಂದು ವಿಚಿತ್ರ ನೋಡಿ. ಇಡೀ ಜಾತ್ರೆಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲಿತ್ತು, ಎಲ್ಲರೂ ಎಲ್ಲರನ್ನೂ ತೆಗೆಯುತ್ತಿದ್ದರು, ತೆಗೆದ ಮರುಕ್ಷಣ ಊರಿಗೆಲ್ಲ ಹಂಚುತ್ತಿದ್ದರು. ಜಗಳ ಆಗಿದ್ದು ಮಾತ್ರ ನಮ್ಮ ಹುಡುಗನ ದೊಡ್ಡ ಕ್ಯಾಮೆರಾದ ಜೊತೆ. ಅದೇ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಫಿರಂಗಿಯಂಥ ಲೆನ್ಸು ಹೊತ್ತರೂ ಯಾರೂ ತಿರುಗಿ ನೋಡುವುದಿಲ್ಲ. ಹೆಜ್ಜಾರ್ಲೆಗಳು ಮನೆಯಂಗಳದ ಮರಗಳಲ್ಲಿ ಗೂಡು ಕಟ್ಟುವ ಊರು ಅದು. ಜನಕ್ಕೆ ಹಕ್ಕಿಗಳೂ ಅಭ್ಯಾಸ, ನಾವೂ ಅಭ್ಯಾಸ. ಇದು ಲೆನ್ಸಿನ ಉದ್ದದ ಪ್ರಶ್ನೆಯೂ ಅಲ್ಲ, ಪರಿಚಯದ ಪ್ರಶ್ನೆ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ, ಟೀ ಅಂಗಡಿಯಲ್ಲಿ ಕೂತು ಬನ್ನಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ. "ಭಾನುವಾರ ಒಂದೇ ರಜಾ ಸಾರ್" ಎನ್ನುತ್ತಾರೆ. ಅದೂ ನಿಜವೇ.

ಕೊನೆಗೆ ಸಭೆಯಲ್ಲಿ ಆದದ್ದಿಷ್ಟು. ಸಿಂಹದ ತಲೆ ಬೇಡವೇ ಬೇಡ ಎಂದೆ. ಸರ್ಕಾರದ ಲಾಂಛನ, ಮೊಹರುಗಳನ್ನು ಹೋಲುವುದನ್ನು ಬಳಸದಂತೆ 1950ರಲ್ಲೇ ಕಾಯ್ದೆಯಾಗಿದೆ, ರಾಷ್ಟ್ರಲಾಂಛನಕ್ಕೆಂದೇ 2005ರಲ್ಲಿ ಇನ್ನೊಂದು ಬಂದಿದೆ. ಜಗಳ ತಪ್ಪಿಸಲು ಮಾಡಿದ ಕಾರ್ಡೇ ಠಾಣೆಗೆ ಎಳೆಯಬಾರದಲ್ಲ. ಕೆಂಪು ಪಟ್ಟಿ ಹೋಯಿತು. ಇಲಾಖೆಗಳು ಸಹಕರಿಸಬೇಕೆಂಬ ಒಕ್ಕಣೆಯೂ ಹೋಯಿತು. ಅದರ ಬದಲು ಹಿಂಬದಿಯಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, "ಇವರ ಬಗ್ಗೆ ದೂರಿದ್ದರೆ ಈ ನಂಬರಿಗೆ ಫೋನ್ ಮಾಡಿ" ಎಂದು ಹಾಕಿಸಲು ಒತ್ತಾಯಿಸಿದೆ. ನಂಬರು ಕಾರ್ಯದರ್ಶಿಗಳದ್ದು, ಊಟಕ್ಕೆ ಕೂತಿದ್ದರೂ ಅವರು ಎತ್ತಲೇಬೇಕು ಎಂಬ ಷರತ್ತು. ಯಾರಾದರೂ ಒಬ್ಬರು ಜವಾಬ್ದಾರಿ ಹೊರುವುದಾದರೆ ಮಾತ್ರ ಕಾರ್ಡಿಗೆ ನನ್ನ ವೋಟು ಎಂದೆ. ಇಂಜಿನಿಯರಿಂಗ್ ಹುಡುಗನಿಗೆ ನಿರಾಶೆಯಾಯಿತು. "ಇದು ನಮ್ಮ ಪರವಾಗಿ ಇದ್ಯಾ, ವಿರುದ್ಧವಾಗಿ ಇದ್ಯಾ ಸಾರ್?" ಎಂದ. ಆದರೂ 150 ರೂಪಾಯಿ ಕೊಟ್ಟ.

ಕಾರ್ಡು ಹಂಚಿ ಒಂದು ವಾರವಾಗಿರಲಿಲ್ಲ, ಮೊದಲ ಫೋನು ಬಂತು. ಒಂದು ಹಳ್ಳಿಯ ದೇವಸ್ಥಾನದ ಸಮಿತಿಯವರು. "ನಿಮ್ಮ ಕಡೆ ಹುಡುಗ ಒಬ್ಬ ತೇರಿನ ಮುಂದೆ ನಿಂತು ಫೋಟೊ ತೆಗೀತಾ ಇದಾನೆ. ನಿಮ್ಮೋನೇನಾ?" ಕಾರ್ಯದರ್ಶಿಗಳು ಎದೆ ಗಟ್ಟಿಮಾಡಿಕೊಂಡು "ನಮ್ಮವನೇ, ಏನು ತಪ್ಪಾಯ್ತು?" ಎಂದರಂತೆ. "ತಪ್ಪೇನಿಲ್ಲ ಬಿಡಿ. ತೇರಿಂದು ಒಂದು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕಳಿಸ್ಬೇಕಲ್ಲ. ಯಾವಾಗ ಕೊಡ್ತೀರಾ?" ಎಂದರಂತೆ ಆ ಕಡೆಯವರು. ಕಟ್ಟಿನ ಖರ್ಚನ್ನು ಬಳಗದ ಲೆಕ್ಕಕ್ಕೆ ಹಾಕಬೇಕೋ ಹುಡುಗನ ಲೆಕ್ಕಕ್ಕೋ ಎಂಬುದು ಮುಂದಿನ ಸಭೆಯ ಮೊದಲ ವಿಷಯ.